ಇಸ್ತ್ರಿ ಕಂಡ ಜಾಕೆಟ್

"ಶಿವಾಜಿನಗರದ ಕಸಾ ತಂದು ಮೇಜಿನ ಮ್ಯಾಲ ಸುರುವ್ಯಾನ ನೋಡ್ರಿ," ಎಂದ ಸಿದ್ಧಲಿಂಗೇಶ, ಎಲ್ಲರಿಗೂ ಕೇಳುವ ಹಾಗೆ. "ರಿಜೆಕ್ಟ್ ಮಾಲಿಗೆ ಒಂದ್ ಇಸ್ತ್ರಿ ಹೊಡದ್ರ ಮುಗೀತು, ಫಾರಿನ್ ಅಂತ ನಮ್ಮ ತಲಿಗೆ ಕಟ್ತಾರ ಇವ್ರು."

ಇಂದಿರಾನಗರದ ಆ ಕಂಪ್ಯೂಟರ್ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಹೊತ್ತು. ತಟ್ಟೆ ಹಿಡಿದು ನಿಂತಿದ್ದವರೂ ನಕ್ಕರು, ಕೂತು ತಿನ್ನುತ್ತಿದ್ದವರೂ ನಕ್ಕರು. ಜಾಕೆಟ್ಟುಗಳ ರಾಶಿಯ ಹಿಂದೆ ನಿಂತಿದ್ದ ಕೆಂಪರಾಜ್ ಮಾತ್ರ ನಗಲಿಲ್ಲ. ಅವನ ಕಿವಿ ಬಿಸಿಯಾಯಿತು. ಅವನಿಗೆ ಸಿಟ್ಟು ಬರುವುದು ಮೊದಲು ಕಿವಿಗೆ, ಆಮೇಲೆ ಕೈಗೆ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರೆದುರು ಅವನ ಅಪ್ಪನ ಹೆಸರೆತ್ತಿ ಆಡಿಕೊಂಡಾಗಲೂ ಹೀಗೇ ಆಗಿತ್ತು. ಅವತ್ತು ಚೀಲ ಹೆಗಲಿಗೇರಿಸಿ ಹೊರಬಿದ್ದವನು ಮತ್ತೆ ಆ ಗೇಟು ದಾಟಿರಲಿಲ್ಲ. ಈಗ ಅವನು ಶಿವಾಜಿನಗರದಲ್ಲಿ ಶೌಕತ್ ಭಾಯಿಯ ಅಂಗಡಿಯಲ್ಲಿದ್ದ. ಪರದೇಶಕ್ಕೆಂದು ಹೊಲಿದು ಮಿಕ್ಕುಳಿದ ಬಟ್ಟೆಗಳನ್ನು ಲೇಬಲ್ ಅರ್ಧ ಕತ್ತರಿಸಿ ಮಾರುವ ಅಂಗಡಿ ಅದು.

ಅವನನ್ನು ಇಲ್ಲಿಗೆ ಕರೆಸಿದವಳು ರಶ್ಮಿ. ಆಫೀಸಿನ ಆರು ಮಂದಿ ಆ ಶನಿವಾರದ ರೈಲಿಗೆ ಹಿಮಾಲಯಕ್ಕೆ ಸ್ಕೀಯಿಂಗ್ ಕಲಿಯಲು ಹೊರಟಿದ್ದರು. ಸಿದ್ಧಲಿಂಗೇಶ ಅವರ ಮುಖಂಡ, ಹಿಂದಿನ ವರ್ಷ ಹೋಗಿ ಬಂದವನು. ರಶ್ಮಿಗೆ ಇದೇ ಮೊದಲು. ದಾವಣಗೆರೆಯ ಬಿಸಿಲಲ್ಲಿ ಬೆಳೆದ ಹುಡುಗಿ, ಬೆಂಗಳೂರಿನ ಡಿಸೆಂಬರಿಗೇ ಎರಡು ಸ್ವೆಟರ್ ಹಾಕುವವಳು. ಹಿಂದೊಮ್ಮೆ ಅಂಗಡಿಗೆ ಬಂದಾಗ ಕೆಂಪರಾಜ್ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ವಿವರಿಸಿದ್ದು ಅವಳಿಗೆ ನೆನಪಿತ್ತು.

ಇವತ್ತೂ ಹಾಗೇ ವಿವರಿಸುತ್ತಿದ್ದ. "ನೋಡಿ ಮೇಡಂ, ಚಳಿ ಅಂತ ಒಂದೇ ದಪ್ಪ ಬಟ್ಟೆ ಹಾಕ್ಕೋಬಾರ್ದು. ಒಳಗೊಂದು, ನಡುವೊಂದು, ಮೇಲೊಂದು. ಮೈಗಂಟೋದು ಕಾಟನ್ ಬೇಡ. ಕಾಟನ್ ಬೆವರು ಕುಡಿದು ಅಲ್ಲೇ ಇಟ್ಕೊಳ್ಳತ್ತೆ, ನೀವು ನಿಂತ ತಕ್ಷಣ ಮೈಯೆಲ್ಲ ತಣ್ಣಗೆ. ನಡುವೆ ಫ್ಲೀಸು, ಉಣ್ಣೆ ಥರ ಮೆತ್ತಗಿರೋದು. ಅದರ ಮೇಲೆ ಇದು, ಸಾಫ್ಟ್‌ಶೆಲ್. ಎಳೆದ್ರೆ ಹಿಗ್ಗತ್ತೆ, ಬಗ್ಗಿ ಎದ್ದು ಮಾಡೋಕೆ ಆರಾಮ. ಗಾಳಿ ಒಳಗ್ ಬಿಡಲ್ಲ, ಬೆವರು ಹೊರಗ್ ಬಿಡತ್ತೆ. ಪುಡಿ ಹಿಮ ಬಿದ್ರೆ ಜಾಡಿಸಿದ್ರೆ ಹೋಯ್ತು. ಆದ್ರೆ..."

ಆ 'ಆದ್ರೆ' ಅವನ ಬಾಯಲ್ಲಿದ್ದಾಗಲೇ ಸಿದ್ಧಲಿಂಗೇಶನ ಆ ಕಸದ ಮಾತು ಬಂದು ಬಿದ್ದದ್ದು.

"ಏನ್ ತಮ್ಮಾ, ಸ್ಕೀಯಿಂಗ್ ಪಾಠ ಹೇಳಾಕ್ಹತ್ತಿ," ಸಿದ್ಧಲಿಂಗೇಶ ಒಂದು ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಮೂಟೆಯಲ್ಲಿದ್ದು ಬಂದ ಮಾಲು, ಎಲ್ಲ ಸುಕ್ಕು. "ಹಿಮ ನೋಡೀಯೇನ್ ನೀ? ಐಸ್‌ಕ್ಯಾಂಡಿ ಡಬ್ಬ್ಯಾಗಿಂದು ಬಿಟ್ಟು?"

ಮತ್ತೆ ನಗು. ಈ ಸಲ ಕೈ ತೊಳೆಯುವ ಸಾಲಿನಲ್ಲಿದ್ದವರೂ ತಿರುಗಿ ನಕ್ಕರು.

"ಸುಮ್ನಿರ್ರಿ ಸಿದ್ಧೂ," ಎಂದಳು ರಶ್ಮಿ. ಅವಳೊಬ್ಬಳ ಮುಖದಲ್ಲಿ ಸಂಕೋಚವಿತ್ತು. "ನೀವು ಹೇಳಿ ಕೆಂಪರಾಜ್. ಆದ್ರೆ ಅಂದ್ರಿ. ಇದರ ಮೇಲೆ ಇನ್ನೇನಾದ್ರೂ ಹಾಕ್ಕೋಬೇಕಾ? ನನ್ ಹತ್ರ ಒಂದು ರೇನ್‌ಕೋಟ್ ಇದೆ."

ಹಾಕಿಕೊಳ್ಳಲೇಬೇಕು ಎನ್ನುವುದೇ ಅವನು ಹೇಳಲಿದ್ದ ಮಾತು. ಹಿಮ ಜೋರಾದರೆ, ಅದರ ಜೊತೆ ಮಳೆ ಕಲೆತರೆ, ಸಾಫ್ಟ್‌ಶೆಲ್ ಎಷ್ಟೇ ಒಳ್ಳೆಯದಾದರೂ ಕೊನೆಗೆ ನೆನೆಯುತ್ತದೆ; ಚೀಲದಲ್ಲಿ ತೆಳ್ಳನೆಯ ಮಳೆಯಂಗಿ ಇರಬೇಕು. ಆದರೆ ಸಿದ್ಧಲಿಂಗೇಶನ ಎರಡು ಬೆರಳಲ್ಲಿ ಆ ಜಾಕೆಟ್ ಸತ್ತ ಇಲಿಯ ಹಾಗೆ ಇನ್ನೂ ನೇತಾಡುತ್ತಿತ್ತು. ಇಷ್ಟು ಜನರೆದುರು ತನ್ನ ಮಾಲು ಸಾಲದು ಎಂದು ತಾನೇ ಹೇಳುವುದೇ?

"ಏನೂ ಬೇಡ," ಎಂದ ಕೆಂಪರಾಜ್. "ಇದೊಂದಿದ್ರೆ ಸಾಕು. ರೇನ್‌ಕೋಟ್ ಮನೇಲೇ ಬಿಟ್ ಹೋಗಿ. ನಿಮ್ ಅಳತೆದು ಶನಿವಾರ ಸ್ಟೇಷನ್ನಿಗೇ ತಂದ್ಕೊಡ್ತೀನಿ. ಕಸಾನೋ ಏನೋ ಎಲ್ರೂ ನೋಡ್ಲಿ."

ರಾಶಿಯನ್ನು ಮೂಟೆಗೆ ತುರುಕಿಕೊಂಡು ಇಳಿದುಹೋದ.

ಸಂಜೆ ಅಂಗಡಿಯ ಅಟ್ಟ ಹತ್ತಿ ಮೂರು ಮೂಟೆ ಬಿಚ್ಚಿದ. ಕೊನೆಯ ಮೂಟೆಯ ತಳದಲ್ಲಿ ಸಿಕ್ಕಿತು: ಗಾಢ ನೀಲಿ, ಹೆಂಗಸರ ಅಳತೆ, ಹೊರಗೆ ನುಣುಪು, ಒಳಗೆ ಕುರಿಮರಿಯ ಮೈಯಂಥ ಮೆತ್ತೆ. ನಡುವೆ ನೀರು ಗಾಳಿ ತಡೆಯುವ, ಕಣ್ಣಿಗೆ ಕಾಣದ ತೆಳುಪೊರೆ. ಜಾಕೆಟ್ಟಿನ ಜೀವವೆಲ್ಲ ಆ ಪೊರೆಯಲ್ಲೇ ಎಂಬುದನ್ನು ಅವನು ಕೆ.ಆರ್. ಪುರದ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗಿಗಿದ್ದಾಗ ಕೇಳಿ ತಿಳಿದಿದ್ದ. ಲೋಟದಲ್ಲಿ ನೀರು ತಂದು ಹೆಗಲ ಮೇಲೆ ಸುರಿದ. ನೀರು ಕೆಸುವಿನೆಲೆಯ ಮೇಲೆ ಬಿದ್ದಂತೆ ಮಣಿಮಣಿಯಾಗಿ ಉರುಳಿಹೋಯಿತು. ಬಟ್ಟೆ ಒಣಗಿದಂತೆಯೇ ಇತ್ತು.

"ಏಕ್ ನಂಬರ್ ಪೀಸ್," ಎಂದ ಶೌಕತ್ ಭಾಯಿ ಗಲ್ಲಾಪೆಟ್ಟಿಗೆಯ ಮುಂದಿನಿಂದಲೇ. "ಕಿಸ್‌ಕೋ ರೇ, ಯಾರಿಗೆ? ಅಷ್ಟು ಜೋಶ್ ಯಾಕೆ?"

"ಒಬ್ಬನ ಬಾಯಿ ಮುಚ್ಚಿಸ್ಬೇಕು ಭಾಯ್."

"ಬಾಯಿ ಮುಚ್ಚಿಸೋಕೆ ಜಾಕೆಟ್ ಮಾರಬಾರದು ಕೆಂಪ್ಯಾ, ಮೈ ಮುಚ್ಚೋಕೆ ಮಾರಬೇಕು," ಎಂದು ಶೌಕತ್ ನಕ್ಕ. ಕೆಂಪರಾಜನಿಗೆ ಆ ನಗುವೂ ಹಿಡಿಸಲಿಲ್ಲ.

ಜಿಪ್ಪಿನ ಹಿಡಿಕೆ ಕಿತ್ತುಹೋಗಿತ್ತು. ಹಾಕಿಸೋಣವೆಂದು ಮರ್ಫಿ ಟೌನಿನ ಮನೆಗೆ ತಂದ. ರಾತ್ರಿ ಊಟ ಮಾಡುತ್ತಾ ತಾಯಿ ಅಕ್ಕಯಮ್ಮನ ಮುಂದೆ ಇಡೀ ಕತೆ ಕಾರಿಕೊಂಡ. ಕಸ ಅಂದದ್ದು, ಸುಕ್ಕು ತೋರಿಸಿ ನಕ್ಕದ್ದು, ಐಸ್‌ಕ್ಯಾಂಡಿ. ಅಕ್ಕಯಮ್ಮ ಇನ್ನೊಂದು ಮುದ್ದೆ ಇಟ್ಟಳು. ಮರುದಿನ ಶುಕ್ರವಾರ, ಅಂಗಡಿಯಲ್ಲಿ ಲೋಡು ಇಳಿಸುವುದಿತ್ತು. ಅವನು ಜಾಕೆಟ್ಟನ್ನು ಕುರ್ಚಿಯ ಮೇಲೇ ಬಿಟ್ಟು ಹೋದ, ರಾತ್ರಿ ಬಂದವನು ಹಾಗೇ ಬಿದ್ದು ನಿದ್ದೆ ಹೋದ.

ಶನಿವಾರ ಬೆಳಿಗ್ಗೆ ನೋಡಿದರೆ ಕುರ್ಚಿಯ ಮೇಲೆ ಜಾಕೆಟ್ ಇಲ್ಲ, ಒಂದು ಪೊಟ್ಟಣವಿತ್ತು. ಹಳೆಯ ತಮಿಳು ಪೇಪರಿನಲ್ಲಿ ನೀಟಾಗಿ ಸುತ್ತಿ ದಾರ ಕಟ್ಟಿದ ಪೊಟ್ಟಣ. ಕೆಂಪರಾಜನಿಗೆ ತಮಿಳು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಪೇಪರಿನ ಫೋಟೋ ಮಾತ್ರ ಕಂಡಿತು: ಎಲ್ಲೆಲ್ಲೂ ಬಿಳಿ ಹಿಮ, ಆ ಬಿಳಿಯೊಳಗಿಂದ ಒಂದು ಬಸ್ಸಿನ ನೆತ್ತಿ ಮಾತ್ರ ಮೇಲೆದ್ದಿತ್ತು. ಪಕ್ಕದಲ್ಲಿ ಸಲಿಕೆ ಹಿಡಿದ ಜನ.

ದಾರ ಬಿಚ್ಚಿದ. ಇದ್ದಿಲ ವಾಸನೆ ಮೂಗಿಗೆ ಹೊಡೆಯಿತು. ಜಾಕೆಟ್ ಪೊಲೀಸಿನವರ ಅಂಗಿಯ ಹಾಗೆ ಮಡಚಿಕೊಂಡು ಕೂತಿತ್ತು. ತೋಳಿನ ಮೇಲೆ ಚಾಕುವಿನಂಥ ಗೆರೆ.

"ಅವ್ವಾ! ಇದುಕ್ಕೇನ್ ಮಾಡ್ದೆ?"

"ಒಗೆದೆ ಕಣಪ್ಪ," ಒಲೆಯ ಮುಂದಿನಿಂದ ಅಕ್ಕಯಮ್ಮನ ದನಿ ಬಂತು, ಹಿಗ್ಗಿನ ದನಿ. "ಗೋಡೌನ್ ನಾತ ಹೊಡೀತಿತ್ತು. ಬಿಸ್ನೀರಾಗೆ ಸೋಪಿನ ಪುಡಿ ಹಾಕಿ ನೆನೆಸ್ದೆ. ಒಂಚೂರು ಗಂಜಿ ಕೊಟ್ಟೆ. ಜಿಪ್ಪಿಗೂ ಹಿಡಿಕೆ ಹಾಕ್ಸ್ದೆ. ಅಮರಪ್ಪನ ತಾವ ಇಸ್ತ್ರಿ ಮಾಡ್ಸ್ದೆ. ನಾಜೂಕು ಬಟ್ಟೆ ಕಣಪ್ಪ ಅಂದೆ, ಅದ್ಕೆ ಒದ್ದೆ ಪಂಚೆ ಮೇಲ್ಹಾಕಿ ಒತ್ಯವ್ನೆ ಪಾಪ. ಸುಕ್ಕೇ ಹೋಗ್ತಿರ್ಲಿಲ್ವಂತೆ, ಮೂರ್ ಸಲ ಒತ್ದ. ಈಗ ಯಾವನು ಆಡ್ಕೊಂತಾನೋ ಆಡ್ಕೊಳ್ಲಿ. ನಾಲ್ಕ್ ಜನದ ಮುಂದೆ ನೀನು ತಲೆ ತಗ್ಗಿಸ್ಬಾರ್ದು."

ಕೆಂಪರಾಜನ ಬಾಯಿಗೆ ಬಂದ ಬೈಗುಳ ಅಲ್ಲೇ ಒಣಗಿತು. ಅವಳ ಇಡೀ ಆಯುಷ್ಯದಲ್ಲಿ ಮರ್ಯಾದೆ ಎಂದರೆ ಗಂಜಿ ಮತ್ತು ಇಸ್ತ್ರಿ. ಅವನಪ್ಪ ಕೂಲಿಗೆ ಹೋದರೂ ಭಾನುವಾರದ ಅಂಗಿಗೆ ಗೆರೆ ತಪ್ಪುತ್ತಿರಲಿಲ್ಲ.

ಹೊರಗಡೆಯಿಂದ ನೋಡಿದರೆ ಜಾಕೆಟ್ ಇಷ್ಟು ಚೆನ್ನಾಗಿ ಎಂದೂ ಇದ್ದಿರಲಿಲ್ಲ. ಒಳಗೆ ಕೈ ಹಾಕಿ ಹಿಂಡಿದ. ಬೆನ್ನಿನಲ್ಲಿ, ಎದೆಯಲ್ಲಿ, ಇಸ್ತ್ರಿ ಪೆಟ್ಟಿಗೆ ಕೂತೆದ್ದ ಜಾಗದಲ್ಲೆಲ್ಲ ಒಣಗಿದ ಎಲೆ ತುಳಿದಂತೆ ಚರಚರ ಸದ್ದು. ಬಿಸಿಗೆ ಪೊರೆ ಬಟ್ಟೆಯಿಂದ ಬಿಟ್ಟುಕೊಂಡಿತ್ತು. ಲೋಟದಲ್ಲಿ ನೀರು ತಂದು ಸುರಿದ. ನೀರು ಒಂದು ಗಳಿಗೆ ಯೋಚನೆ ಮಾಡುವಂತೆ ನಿಂತಿತು. ಆಮೇಲೆ ಮೆಲ್ಲಗೆ ಒಳಗಿಳಿಯಿತು. ನೀಲಿ ಕಪ್ಪಾಗುತ್ತಾ ಅಂಗೈಯಗಲ ಹರಡಿತು. ಒಳಗೆ ಹಿಡಿದ ಬೆರಳಿಗೆ ತಣ್ಣಗೆ ತಾಗಿತು.

ಅಂಗಡಿಗೆ ಓಡಿದ. ಉಳಿದವೆಲ್ಲ ದಪ್ಪ ಗಂಡಸರ ಅಳತೆ. ರಶ್ಮಿ ಹಾಕಿಕೊಂಡರೆ ಕೊರಳಲ್ಲೂ ನಡುವಲ್ಲೂ ಗಾಳಿ ನುಗ್ಗುತ್ತದೆ. ಶೌಕತ್ ಭಾಯಿ ಚರಚರ ಸದ್ದು ಕೇಳಿ ತಲೆಯಾಡಿಸಿದ. "ಹೋಗಿ ನಿಜ ಹೇಳು. ಇಸ್ತ್ರಿ ಆಗ್ಬಿಟ್ಟಿದೆ ಅನ್ನು. ಒಂದ್ ಮಾತು."

ಒಂದೇ ಮಾತು, ನಿಜ. ಆದರೆ ಆ ಮಾತನ್ನು ಸಿದ್ಧಲಿಂಗೇಶ ಮೊದಲೇ ಆಡಿ ಇಟ್ಟಿದ್ದ. ರಿಜೆಕ್ಟ್ ಮಾಲಿಗೆ ಒಂದು ಇಸ್ತ್ರಿ.

ಕಂಟೋನ್ಮೆಂಟ್ ಸ್ಟೇಷನ್ನಿಗೆ ಅವನು ಹೋದಾಗ ದಿಲ್ಲಿಯ ರೈಲು ಬಂದು ನಿಂತಿತ್ತು. ದಾರಿಯಲ್ಲಿ ಒಂದು ಉಪಾಯ ಹೊಳೆದಿತ್ತು: ಇಸ್ತ್ರಿಯ ಸುದ್ದಿಯೇ ಬೇಡ, ಮೇಲೆ ರೇನ್‌ಕೋಟ್ ಹಾಕಿಕೊಳ್ಳಿ ಎಂದಷ್ಟೇ ಹೇಳಿಬಿಡುವುದು. ಅಷ್ಟು ಹೇಳಿದರೆ ಅವಳು ಉಳಿಯುತ್ತಾಳೆ, ತನ್ನ ಮರ್ಯಾದೆಯೂ ಉಳಿಯುತ್ತದೆ.

ಬೋಗಿಯ ಬಾಗಿಲ ಬಳಿ ಆರೂ ಜನ ನಿಂತಿದ್ದರು, ಬೀಳ್ಕೊಡಲು ಬಂದ ಆಫೀಸಿನವರು ಸುತ್ತಲೂ. ಪೊಟ್ಟಣ ಬಿಚ್ಚಿ ಜಾಕೆಟ್ ಕೊಡವಿದಾಗ ಯಾರೋ ಸಿಳ್ಳೆ ಹೊಡೆದರು.

"ಹಾಂ, ಈಗ ಬಂತ್ ನೋಡ್ರಿ ಕಳೆ," ಸಿದ್ಧಲಿಂಗೇಶ ಹತ್ತಿರ ಬಂದು ಕಾಲರ್ ಮುಟ್ಟಿದ. ಈ ಸಲ ಎರಡು ಬೆರಳಲ್ಲಲ್ಲ, ಇಡೀ ಅಂಗೈಯಲ್ಲಿ. "ಖರೇನ ಚಲೋ ಅದ. ಅವತ್ತ ನಾ ಸ್ವಲ್ಪ ಹೆಚ್ಚಿಗಿ ಮಾತಾಡ್ದೆ, ತಮ್ಮಾ. ಮನಸಿಗೆ ಹಚ್ಕೋಬ್ಯಾಡ."

ಇದನ್ನು ಕೆಂಪರಾಜ್ ಎಣಿಸಿರಲಿಲ್ಲ. ಬೈದಿದ್ದರೆ ಎದುರು ಬೈಯಬಹುದಿತ್ತು. ಆ ಗದ್ದಲದಲ್ಲಿ ನಿಜವೂ ಬಾಯಿಂದ ಬಿದ್ದುಹೋಗುತ್ತಿತ್ತೇನೋ. ಈಗ ಎಲ್ಲರೂ ಅವನ ಕಡೆ ಗೌರವದಿಂದ ನೋಡುತ್ತಿದ್ದರು. ಇಷ್ಟು ಮಂದಿ ಓದಿದವರು ಅವನನ್ನು ಹೀಗೆ ನೋಡಿದ್ದು ಅದೇ ಮೊದಲು.

ರಶ್ಮಿ ಜಾಕೆಟ್ ತೊಟ್ಟು ಜಿಪ್ಪು ಎಳೆದುಕೊಂಡಳು. ಅಳತೆ ಮಾಡಿ ಹೊಲಿದಂತೆ ಕೂತಿತು. ಅವಳು ತೋಳು ಚಾಚಿ ತಿರುಗಿದಾಗ ಅವನಿಗೆ ಬೆನ್ನಿನ ಚರಚರ ಕೇಳಿಸಿತು. ರೈಲಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ.

"ಮೇಡಂ," ಎಂದ. "ಇದರ ಮೇಲೆ ರೇನ್‌ಕೋಟ್ ಹಾಕ್ಕೊಳ್ಳಿ. ಹಿಮ ಜೋರಾದ್ರೆ."

"ಅಯ್ಯೋ, ರೇನ್‌ಕೋಟಾ?" ರಶ್ಮಿ ನಕ್ಕಳು. "ನೀವು ಬೇಡ ಅಂದ್ರಲ್ಲ, ಮನೇಲೇ ಬಿಟ್ ಬಂದೆ. ಮೂರು ದಿನ ಬೆಟ್ಟದ ಮೇಲೆ ಟೆಂಟಲ್ಲೇ ಇರ್ತೀವಂತೆ, ಚೀಲ ಹಗುರ ಇರ್ಲಿ ಅಂತ."

ಎಂಜಿನ್ ಸೀಟಿ ಹಾಕಿತು. ಬೀಳ್ಕೊಡಲು ಬಂದವರು ಹಿಂದೆ ಸರಿದರು. ರಶ್ಮಿ ಬೋಗಿ ಹತ್ತಿ ಬಾಗಿಲ ಕಂಬಿ ಹಿಡಿದು ನಿಂತಳು. ಸಿದ್ಧಲಿಂಗೇಶ ಮಾತ್ರ ಇನ್ನೂ ಕೆಳಗೇ ಇದ್ದ, ಕೆಂಪರಾಜನ ಮುಖವನ್ನೇ ನೋಡುತ್ತ. ಅವನ ಮುಖದಲ್ಲಿ ತಮಾಷೆಯಿರಲಿಲ್ಲ. ಹಿಂದಿನ ವರ್ಷ ಆ ಹಿಮದಲ್ಲಿ ಏನು ಕಂಡಿದ್ದನೋ, ಅದರ ಭಯ ಇತ್ತು.

"ಅವತ್ತ ಇದೊಂದ ಸಾಕು ಅಂದಿ, ಇವತ್ತ ಮ್ಯಾಲೊಂದು ಬೇಕಂತಿ," ಎಂದ ಮೆಲ್ಲಗೆ. ಆದರೂ ಎಲ್ಲರೂ ಸುಮ್ಮನಾಗಿದ್ದರಿಂದ ಎಲ್ಲರಿಗೂ ಕೇಳಿಸಿತು. "ಯಾವ್ದು ಖರೇ? ಹೇಳು ತಮ್ಮಾ, ಇನ್ನೂ ಹೊತ್ತದ. ದಿಲ್ಲಿಯೊಳಗ ಬ್ಯಾರೆ ತಗೋತೀವಿ. ಮಾಲಿನಾಗ ಏನರ ಅದೇನು?"

ಎಲ್ಲ ಮುಖಗಳೂ ಕೆಂಪರಾಜನ ಕಡೆ ತಿರುಗಿದ್ದವು. ಕ್ಯಾಂಟೀನಿನಲ್ಲಿ ನಕ್ಕ ಅವೇ ಮುಖಗಳು. ಈಗ ನಗುತ್ತಿರಲಿಲ್ಲ, ಕಾಯುತ್ತಿದ್ದವು. ಇಸ್ತ್ರಿ ಎಂದು ಒಂದು ಮಾತು ಹೇಳಿದರೆ ಸಾಕು. ಆ ಮಾತು ನಾಲಿಗೆಯ ತುದಿಗೆ ಬಂತು, ಅದರ ಹಿಂದೆಯೇ ಅಂದಿನ ನಗುವೂ ಕಿವಿಗೆ ಬಂತು. ಕಿವಿ ಬಿಸಿಯಾಯಿತು. ಕೈಯಲ್ಲಿದ್ದ ತಮಿಳು ಪೇಪರ್ ತಾನಾಗಿಯೇ ಮುದ್ದೆಯಾಯಿತು.

"ಕೆಂಪರಾಜ್?" ರಶ್ಮಿ ಬಾಗಿಲಿಂದ ಬಗ್ಗಿ ಕೂಗಿದಳು. "ಸಾಕಲ್ವಾ ಇದು?"

ಅವನು ಬೆನ್ನು ತಿರುಗಿಸಿದ. ರೈಲು ಒಂದು ಸಲ ಜಗ್ಗಿ ಹೊರಟಿತು. ಸಿದ್ಧಲಿಂಗೇಶ ಓಡಿ ಹತ್ತಿದ ಸದ್ದು ಕೇಳಿಸಿತು. ಅವಳು ಇನ್ನೊಮ್ಮೆ ಅವನ ಹೆಸರು ಕೂಗಿದಳು, ಅದು ಗಾಲಿಗಳ ಸದ್ದಿನೊಳಗೆ ಸೇರಿಹೋಯಿತು. ಕೂಲಿಗಳನ್ನೂ ಚಹಾ ಮಾರುವವನನ್ನೂ ತಳ್ಳಿಕೊಂಡು, ಬಸ್ಸಿನ ನೆತ್ತಿಯ ಆ ಫೋಟೋವನ್ನು ಮುಷ್ಟಿಯೊಳಗೆ ಹಿಚುಕುತ್ತಾ, ಕೆಂಪರಾಜ್ ಪ್ಲಾಟ್‌ಫಾರಂ ಉದ್ದಕ್ಕೂ ನಡೆದೇ ಹೋದ.