ಹನ್ನೆರಡನೇ ನಿಮಿಷದ ಬಾವುಟ

"ತಲೆ ಕಡೆ ಎತ್ತಿ ಹಿಡೀರೋ, ಗೋಡೆಗೆ ತಾಗ್ತಿದೆ!" ಎಂದು ಡಿಕ್ಸನ್ ಕೂಗಿದ. ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ ಅಂಬಿಗ ಐಸಾಕ್ ಮೌನ್ಸಿಯ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಡಿಕ್ಸನ್ ಸೇರಿ ಹೊತ್ತ ನಾಲ್ವರು ನೆರೆಯವರೂ ಬೆವರುತ್ತಿದ್ದರು.

"ನಿಧಾನ ಕಣ್ರೋ," ಎಂದ ಹಿಂದಿದ್ದವನು. "ಬದುಕಿದ್ದಾಗ್ಲೇ ಅವಸರ ಮಾಡ್ದೋನಲ್ಲ ಐಸಾಕ್, ಈಗ ಮಾಡ್ತಾನಾ?"

ಎಲ್ಲರೂ ಮೆಲ್ಲಗೆ ನಕ್ಕರು. ಕೆಳಗೆ ನಿಂತಿದ್ದ ಅವನ ಹೆಂಡತಿ ಅಗ್ನೆಸ್ ನಗಲಿಲ್ಲ. ಅವನು ಒಂದೇ ಒಂದು ಸಲ ಅವಸರ ಮಾಡಿದ್ದ. ಅದನ್ನು ಬಲ್ಲ ಇಬ್ಬರಲ್ಲಿ ಈಗ ಅವಳೊಬ್ಬಳೇ ಉಳಿದಿದ್ದಳು.

ಪೆಟ್ಟಿಗೆಯನ್ನು ಬಾಗಿಲ ಬಳಿ ಎರಡು ಕುರ್ಚಿಗಳ ಮೇಲೆ ಇಳಿಸಿದರು. ಅಷ್ಟರಲ್ಲಿ ಹೊರಗೆ ಕಾರೊಂದು ಬಂದು ನಿಂತಿತು. ಇಳಿದವಳು ಮೇಜರ್ ಥಾರ್ನ್‌ಲಿಯ ವಿಧವೆ.

*

ಎಂಟು ವರ್ಷಗಳ ಹಿಂದೆ, ನೀರಿನ ಮೇಲಿನ ವೇಗದ ದಾಖಲೆ ಮುರಿಯುತ್ತೇನೆಂದು ಮೇಜರ್ ಲಂಡನ್ನಿನಿಂದ ಈ ಸರೋವರಕ್ಕೆ ದೋಣಿ ತಂದಿದ್ದ. ಎಂಜಿನ್ ನೋಡಿಕೊಳ್ಳಲು ಡಿಕ್ಸನ್‌ನ ತಮ್ಮ ಹ್ಯಾರಿ ಅವನ ಜೊತೆ ಕೂರುತ್ತಿದ್ದ. ದಾಖಲೆ ಎನಿಸಿಕೊಳ್ಳಲು ಒಂದು ಗಂಟೆಯೊಳಗೆ ಅತ್ತ ಒಮ್ಮೆ, ಇತ್ತ ಒಮ್ಮೆ ಓಡಲೇಬೇಕು. ಮೊದಲ ಓಟದ ಅಲೆಗಳು ದಡಕ್ಕೆ ಬಡಿದು ಮತ್ತೆ ನಡುನೀರಿಗೆ ಬರುತ್ತವೆ. ಅವು ಅಡಗಲು ಅರ್ಧ ಗಂಟೆಯಾದರೂ ಬೇಕು. ನೀರು ಮಟ್ಟಸವಾದ ಮೇಲೆ ಬಂಡೆಯ ಮೇಲಿಂದ ಬಿಳಿ ಬಾವುಟ ಎತ್ತುವುದು ಐಸಾಕನ ಕೆಲಸವಾಗಿತ್ತು.

ದಾಖಲೆಯ ದಿನ ಮೊದಲ ಓಟ ಮುಗಿಯುತ್ತಲೇ ಅಗ್ನೆಸ್ ಹೇಳಿಕಳಿಸಿದ್ದಳು. "ಎಲ್ಸಿಗೆ ಗಂಟಲು ಕಟ್ಟಿದೆ, ಉಸಿರಾಡೋಕೇ ಆಗ್ತಿಲ್ಲ. ಹೇಗಿದ್ದೀಯೋ ಹಾಗೇ ಬಾ."

ಹನ್ನೆರಡನೇ ನಿಮಿಷಕ್ಕೆ ಐಸಾಕ್ ಬಾವುಟ ಎತ್ತಿ ಮನೆಯತ್ತ ಓಡಿದ. ಬೆನ್ನ ಹಿಂದೆ ದೋಣಿ ಚೂರಾದ ಸದ್ದು ಕೇಳಿದರೂ ತಿರುಗಿ ನೋಡಲಿಲ್ಲ. ಮೇಜರ್ ಹೋದ, ಹ್ಯಾರಿ ಹೋದ. ಸಂಜೆಯ ಹೊತ್ತಿಗೆ ಆರು ವರ್ಷದ ಮಗಳು ಎಲ್ಸಿಯೂ ಹೋದಳು.

"ನೀರು ಮಟ್ಟಸವಾಗಿತ್ತು ಅಂತ್ಲೇ ಹೇಳು," ಎಂದಳು ಅಗ್ನೆಸ್, ವಿಚಾರಣೆಯ ದಿನ ಅವನ ಕೋಟಿನ ಗುಂಡಿ ಹಾಕುತ್ತ. "ಇರೋಕೆ ಈ ಊರಾದ್ರೂ ಬೇಕಲ್ಲ ನಮಗೆ."

ಅವನು ಹಾಗೆಯೇ ಹೇಳಿದ. ತೇಲುತ್ತಿದ್ದ ಕೊರಡಿಗೆ ದೋಣಿ ಬಡಿಯಿತೆಂದು ತೀರ್ಮಾನವಾಯಿತು.

*

ಮಿಸೆಸ್ ಥಾರ್ನ್‌ಲಿ ಅಗ್ನೆಸಳ ಕೈ ಹಿಡಿದುಕೊಂಡಳು. "ನಿಮ್ಮ ಯಜಮಾನರನ್ನ ಕಂಡು ಹೋಗೋಣ ಅಂತಿದ್ದೆ. ತಡವಾಗೋಯ್ತು. ಶುಕ್ರವಾರ ನನ್ನ ಮಗ ರೋಲೆಂಡ್ ಇಲ್ಲೇ ದೋಣಿ ಓಡಿಸ್ತಾನೆ. ಅಪ್ಪನ ಕೆಲಸ ಮುಗಿಸ್ತೀನಿ ಅಂತ ಒಂದೇ ಹಟ."

"ಎರಡು ಓಟದ ನಡುವೆ ಎಷ್ಟು ಹೊತ್ತು ಕಾಯ್ತಾರೆ?" ಎಂದು ಅಗ್ನೆಸ್ ಕೇಳಿದಳು.

"ಹನ್ನೆರಡು ನಿಮಿಷ. ಅಷ್ಟ್ರಲ್ಲಿ ನೀರು ಮಟ್ಟಸವಾಗತ್ತೆ ಅಂತ ವಿಚಾರಣೇಲಿ ನಿಮ್ಮವರೇ ಹೇಳಿದ್ರಲ್ಲ, ಎಂಜಿನಿಯರುಗಳು ಅದನ್ನೇ ನಂಬ್ಕೊಂಡಿದ್ದಾರೆ. ಈ ಸಲ ಕೊರಡುಗಳನ್ನೆಲ್ಲ ಆರಿಸಿ ಹಾಕಿದ್ದಾರೆ. ಭಯವಿಲ್ಲ."

ಅಗ್ನೆಸ್ ಪೆಟ್ಟಿಗೆಯನ್ನು ನೋಡಿದಳು. ಇನ್ನೊಂದು ಗಂಟೆ ತಾನು ಬಾಯಿ ಮುಚ್ಚಿಕೊಂಡಿದ್ದರೆ ಐಸಾಕ್ ಮರ್ಯಾದೆಯಿಂದ ಮಣ್ಣು ಸೇರುತ್ತಾನೆ. ಆಮೇಲೆ ನಿಜ ಹೇಳಲು ತನಗೆ ಧೈರ್ಯ ಬರುವುದಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು.

"ಕೊರಡು ಇರ್ಲಿಲ್ಲ ಅಮ್ಮಾವ್ರೇ. ಅಲೆ ಇತ್ತು. ಮಗು ಸಾಯ್ತಿತ್ತು, ಇವರು ಬೇಗ ಬಾವುಟ ಎತ್ತಿದ್ರು. ಕರೆಸಿದ್ದು ನಾನು. ಸುಳ್ಳು ಹೇಳಿಸಿದ್ದೂ ನಾನೇ. ಅರ್ಧ ಗಂಟೆ ಕಾಯ್ಬೇಕು ಅಂತ ನಿಮ್ಮ ಮಗನಿಗೆ ಹೇಳಿ."

ಮಿಸೆಸ್ ಥಾರ್ನ್‌ಲಿ ಕೈ ಬಿಟ್ಟಳು. "ಮಗು ಉಳೀತಾ?" ಎಂದು ಕೇಳಿದಳು.

"ಇಲ್ಲ."

ಅವಳು ಕಾರಿನತ್ತ ನಡೆದಳು.

"ಎಂಟು ವರ್ಷ," ಎಂದ ಡಿಕ್ಸನ್. "ಪ್ರತಿ ಭಾನುವಾರ ನಮ್ಮನೇಲಿ ಕೂತು, ನಮ್ಮಮ್ಮನ ಕೈಲಿ ಟೀ ಮಾಡಿಸ್ಕೊಂಡು ಕುಡಿದ್ನಲ್ಲ ಇವ್ನು! ಹ್ಯಾರಿ ಹೆಸರು ಹೇಳಿ ಅವಳತ್ರ ಅಳ್ತಿದ್ದ!"

ಟೋಪಿ ತಲೆಗೇರಿಸಿಕೊಂಡು ಹೊರಟೇ ಹೋದ. ಉಳಿದ ಮೂವರು ನೆಲ ನೋಡುತ್ತ ನಿಂತರು. ಚರ್ಚಿನ ಗಂಟೆ ಹೊಡೆಯತೊಡಗಿತು.

ಡಿಕ್ಸನ್ ಬಿಟ್ಟುಹೋದ ಮೂಲೆಗೆ ಅಗ್ನೆಸ್ ಹೋದಳು. ಬಗ್ಗಿ, ಪೆಟ್ಟಿಗೆಯ ಅಡಿಗೆ ತನ್ನ ಹೆಗಲು ಕೊಟ್ಟು, ಆ ಮೂವರು ಕದಲುವುದನ್ನೇ ಕಾಯುತ್ತ ನಿಂತಳು.