ಹದಿನೈದು ಸೆಕೆಂಡಿನ ಕೆಲಸ

ಅತ್ತೆ ವೆಲ್ಡರ್, ಸೊಸೆ ಅದೇ ಕಾರ್ಖಾನೆಯ ಲ್ಯಾಬಿನವಳು. ಇಪ್ಪತ್ತೆಂಟು ವರ್ಷ ಅಲ್ಯೂಮಿನಿಯಂ ಟ್ಯಾಂಕರು ಬೆಸೆದ ಅತ್ತೆಯ ಬೆಸುಗೆಯ ತುಂಡೊಂದನ್ನು ಸೊಸೆ ಕೊಯ್ದು, ಉಜ್ಜಿ, ಆಸಿಡ್ಡಿನಲ್ಲಿ ಅದ್ದಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ‘ಒಳಗೆಲ್ಲ ತೂತು’ ಎಂದು ಬರೆದು ಸಹಿ ಹಾಕಿದ್ದಳು. ಕ್ಯಾಂಟೀನಿಗೆ ಇನ್ನೇನು ಬೇಕು? ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ನಕ್ಕಿದ್ದೇ ನಕ್ಕಿದ್ದು. ಶುಕ್ರವಾರ ಇನ್‌ಸ್ಪೆಕ್ಟರ್ ಬಂದು ಆ ವರದಿಗೆ ಮುದ್ರೆ ಒತ್ತಿದರೆ ಅತ್ತೆಯ ವೆಲ್ಡರ್ ಕಾರ್ಡು ರದ್ದು. ಆಮೇಲೆ ಆ ಕೈಗೆ ಯಾರೂ ಬೆಸುಗೆಯ ಟಾರ್ಚು ಕೊಡುವುದಿಲ್ಲ.

ಮನೆಯಲ್ಲಿ ಅತ್ತೆ ಕೂಗಾಡಲಿಲ್ಲ. ಊಟಕ್ಕೆ ಕೂತಾಗ ಇಷ್ಟೇ ಹೇಳಿದಳು: “ತೂತಿದ್ರೆ ಇದೆ ಅಂತಾನೇ ಬರಿ, ನನ್ನ ಮುಖ ನೋಡ್ಬೇಡ. ಆದ್ರೆ ಅವತ್ತು ಟಾರ್ಚು ಒಂದ್ಸಲಾನೂ ಚಟಪಟ ಅನ್ಲಿಲ್ಲ ಕಣೇ. ಒಳಗೆ ಗ್ಯಾಸ್ ಸಿಕ್ಕಿಹಾಕ್ಕೊಂಡ್ರೆ ಕೈಗೆ ಗೊತ್ತಾಗುತ್ತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಸೊಸೆಗೆ. ಅವತ್ತು ತುಂಡು ಆಸಿಡ್ಡಿನಲ್ಲಿದ್ದಾಗ ಮಗಳ ಶಾಲೆಯಿಂದ ಫೋನು ಬಂದಿತ್ತು, ಮಗು ಬಿದ್ದು ಮಂಡಿ ಒಡೆದುಕೊಂಡಿದೆ ಅಂತ. ಹದಿನೈದು ಸೆಕೆಂಡಿಗೆ ತೆಗೆಯಬೇಕಾದ್ದನ್ನು ಎಷ್ಟು ಹೊತ್ತು ಬಿಟ್ಟಳೋ ದೇವರೇ ಬಲ್ಲ. ಆಸಿಡ್ಡಿಗೆ ಮೊದಲು ಒಮ್ಮೆ ನೋಡಬೇಕು, ಅದನ್ನೂ ಮಾಡಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುತ್ತಾರೆಯೇ!

ಗುರುವಾರ ಅದೇ ತುಂಡನ್ನು ಮತ್ತೆ ಹಿಡಿದಳು. ಒರಟು ಉಪ್ಪುಕಾಗದದಿಂದ ನಯವಾದದ್ದಕ್ಕೆ, ಪ್ರತಿ ಕಾಗದಕ್ಕೂ ತುಂಡನ್ನು ಅಡ್ಡ ತಿರುಗಿಸಿ, ಹಿಂದಿನ ಗೀರು ಪೂರ್ತಿ ಅಳಿಯುವವರೆಗೆ ನೀರಿನಡಿ ಉಜ್ಜಿದಳು. ಅಲ್ಯೂಮಿನಿಯಂ ಮೆದು, ಅದುಮಿದರೆ ಕಾಗದದ ಹರಳೇ ಒಳಗೆ ನಾಟುತ್ತದೆ. ಕೊನೆಗೆ ಹೊಸ ವೆಲ್ವೆಟ್ಟಿನ ಮೇಲೆ, ಮಗುವಿನ ಕೆನ್ನೆ ಒರೆಸಿದಷ್ಟೇ ಹಗುರವಾಗಿ ತೀಡಿದಳು. ನಾಲ್ಕು ಗಂಟೆ ಹಿಡಿಯಿತು. ತುಂಡಿನಲ್ಲಿ ತನ್ನ ಮೂಗು ಕಂಡ ಮೇಲೆ ಬಿಟ್ಟಳು.

ಶುಕ್ರವಾರ ಇನ್‌ಸ್ಪೆಕ್ಟರ್ ಮುದ್ರೆ ಹಿಡಿದೇ ಬಂದರು.

“ತಪ್ಪು ಬೆಸುಗೇದಲ್ಲ ಸರ್, ನನ್ನದು ಅನ್ಸುತ್ತೆ,” ಎಂದಳು ಸೊಸೆ.

“ಅತ್ತೆ ಪರ ಸೊಸೆ ಮಾತಾಡೋದನ್ನ ಈ ಕಿವೀಲಿ ಕೇಳ್ತಿರೋದು ಇದೇ ಮೊದಲು.”

“ಕಿವಿ ಬೇಡ ಸರ್, ಕಣ್ಣು ಕೊಡಿ. ನಿಜವಾದ ತೂತು ಆಸಿಡ್ಡಿಗೆ ಕಾಯೋದಿಲ್ಲ, ಈಗ್ಲೇ ಕಾಣ್ಬೇಕು.”

ಅವರು ಮೈಕ್ರೋಸ್ಕೋಪಿಗೆ ಬಗ್ಗಿ ತುಂಡಿನ ಮೂಲೆ ಮೂಲೆ ಹುಡುಕಿದರು. ಒಂದು ಚುಕ್ಕೆಯೂ ಇಲ್ಲ. ಆಮೇಲೆ ಅವಳು ಗ್ಲೌಸು ತೊಟ್ಟು, ತುಂಡನ್ನು ಹದಿನೈದು ಸೆಕೆಂಡು ಆಸಿಡ್ಡಿನಲ್ಲಿಟ್ಟು ತೊಳೆದು ತೋರಿಸಿದಳು. ಲೋಹದ ಕಣಗಳ ಗೆರೆಗಳೆಲ್ಲ ಎದ್ದಿದ್ದವು, ತೂತು ಮಾತ್ರ ಇರಲಿಲ್ಲ.

“ಉಜ್ಜಿ ಉಜ್ಜಿ ತೂತಿದ್ದ ಪದರಾನೇ ತೆಗೆದುಬಿಟ್ಟಿದ್ರೆ?” ಎಂದರು ಇನ್‌ಸ್ಪೆಕ್ಟರ್.

ಸೊಸೆ ಇದಕ್ಕೇ ಕಾದಿದ್ದಳು. ತುಂಡನ್ನು ಮತ್ತೆ ಆಸಿಡ್ಡಿಗೆ ಹಾಕಿ ಗಡಿಯಾರವನ್ನು ಅವರ ಕೈಗೇ ಕೊಟ್ಟಳು. ಒಂದು ನಿಮಿಷ. ತೊಳೆದು ಲೆನ್ಸಿನ ಕೆಳಗಿಟ್ಟರೆ, ಅದೇ ಬೆಸುಗೆಯ ತುಂಬ ಕಪ್ಪು ಚುಕ್ಕೆ! ಹಳೆಯ ವರದಿಯ ಫೋಟೋ ಪಕ್ಕದಲ್ಲಿಟ್ಟಳು. ಅವಳಿಜವಳಿ. ಆಸಿಡ್ಡು ತಿಂದ ಗುಳಿಗಳನ್ನು ಅವಳು ಗ್ಯಾಸಿನ ತೂತೆಂದು ಬರೆದಿದ್ದಳು.

ಇನ್‌ಸ್ಪೆಕ್ಟರ್ ವರದಿಗೆ ಉದ್ದಕ್ಕೂ ಕೆಂಪು ಗೀಟು ಎಳೆದರು. “ನಿಮ್ಮ ಹೆಸರಿಗೆ ಒಂದು ಷರಾ ಬೀಳುತ್ತಮ್ಮಾ.”

“ಧಾರಾಳವಾಗಿ ಬೀಳ್ಲಿ ಸರ್,” ಎಂದಳು ಸೊಸೆ. ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು.

ಅತ್ತೆಯನ್ನು ಕರೆಸಿದರು. ಸೊಸೆ ತುಂಡನ್ನು ಗುಳಿ ಅಳಿಯುವಷ್ಟು ಮಾತ್ರ ಇನ್ನೊಮ್ಮೆ ಉಜ್ಜಿ, ಹದಿನೈದೇ ಸೆಕೆಂಡು ಅದ್ದಿ, ಮೈಕ್ರೋಸ್ಕೋಪನ್ನು ಅವಳ ಕಣ್ಣಿಗೆ ಹೊಂದಿಸಿಕೊಟ್ಟಳು. ಅತ್ತೆ ಬಹಳ ಹೊತ್ತು ತಲೆ ಎತ್ತಲಿಲ್ಲ.

“ಇಪ್ಪತ್ತೆಂಟು ವರ್ಷ ಮೇಲಿಂದ ಮಾತ್ರ ನೋಡಿದ್ದೆ,” ಎಂದಳು. “ಒಳಗೆ ಇಷ್ಟು ಚೆಂದ ಇದೆಯೇನೇ?”

ಮಧ್ಯಾಹ್ನ ಅವಳು ಸೊಸೆಯ ಕೈ ಹಿಡಿದು ಕ್ಯಾಂಟೀನಿನ ನಟ್ಟನಡುವಿನ ಮೇಜಿಗೆ ಕರೆದೊಯ್ದಳು. ಯಾರೂ ನಗಲಿಲ್ಲ. “ಇವಳು ನನ್ನ ಸೊಸೆ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ನನ್ನ ಬೆಸುಗೇಲಿ ತೂತಿದ್ರೂ ಬರೀತಾಳೆ, ತನ್ನ ಕೆಲಸದಲ್ಲಿ ತೂತಿದ್ರೂ ಬರೀತಾಳೆ. ಜಾಗ ಬಿಡಿ, ಊಟ ಮಾಡ್ಬೇಕು.”