ಕೆಳಗೆ ಬಿಟ್ಟ ಜಾಗ

ಕಲ್ಲಿನಲ್ಲಿ ಕೆತ್ತಿದ್ದ ಹತ್ತೊಂಬತ್ತನೆಯ ಹೆಸರಿಗೆ ಬಿಳಿ ಬಣ್ಣ ತುಂಬಿ ಕುಂಚ ಕೆಳಗಿಟ್ಟಾಗ, ಸೊಸೆಯ ಕಣ್ಣು ಅದರ ಕೆಳಗಿನ ಸೀಮೆಸುಣ್ಣದ ಗೆರೆಗಳ ಮೇಲೆ ಬಿತ್ತು. ಏಳು ಗೆರೆ, ಹೆಸರಿಲ್ಲ. ಇವು ಯಾತಕ್ಕೆಂದು ಮಾವನನ್ನು ಕೇಳಿದಳು.

ಮಾವ ಕಲ್ಲಿನಲ್ಲಿ ಅಕ್ಷರ ಕೆತ್ತುವುದರಲ್ಲಿ ಎತ್ತಿದ ಕೈ, ಸುಳ್ಳು ಹೇಳುವುದರಲ್ಲಿ ಮಾತ್ರ ಶುದ್ಧ ದಡ್ಡ. ಅಲಂಕಾರಕ್ಕೆಂದು ಏನೋ ತೊದಲಿ ಉಳಿ ಮಸೆಯಲು ಕೂತ. ಯುದ್ಧದಲ್ಲಿ ಸತ್ತ ಊರಿನ ಹುಡುಗರ ಸ್ಮಾರಕ ಅದು. ಪುರಸಭೆಯ ಇಂಜಿನಿಯರ್ ಕೊಟ್ಟ ಕಾಗದವನ್ನು ಅವನು ಸುತ್ತಿಗೆ ಪೆಟ್ಟಿಗೆಯ ತಳದಲ್ಲಿ ಅಡಗಿಸಿದ್ದ. ಸೊಸೆ ಹುಡುಕಿ ಓದಿದಳು: ಹೆಸರುಗಳ ಕೆಳಗೆ ಏಳು ಸಾಲು ಖಾಲಿ ಬಿಡತಕ್ಕದ್ದು.

ಯುದ್ಧ ಇನ್ನೂ ಮುಗಿದಿರಲಿಲ್ಲ. ಅವಳ ಗಂಡ ಗಡಿಯಲ್ಲಿದ್ದ. ಅವನ ಫೋನು ಬಂದು ಇಪ್ಪತ್ತೆರಡು ದಿನವಾಗಿತ್ತು. ಅವಳು ಕಾಗದ ಹಿಡಿದು ಮಾವನ ಮುಂದೆ ಬಂದು ನಿಂತಳು.

"ಮಾವ, ಇವ್ರ ಹೆಸರು ಎಷ್ಟಗಲ ಹಿಡಿಯತ್ತೆ ಅಂತ ಅಳತೆ ನೋಡಿದ್ರಾ?"

ನೋಡಿದ್ದ. ಬೇಡವೆಂದರೂ ಕೈ ಮೊದಲ ದಿನವೇ ಮಗನ ಹೆಸರಿಗೆ ಗೇಣು ಹಾಕಿತ್ತು. ಒಂದೂವರೆ ಗೇಣು. ಆಮೇಲೆ ಮೂರು ದಿನ ಅವನಿಗೆ ಅನ್ನ ಸೇರಿರಲಿಲ್ಲ.

"ಇಲ್ಲಮ್ಮ," ಎಂದ.

"ಅಲ್ಲೆಲ್ಲ ಬಳ್ಳಿ ಕೆತ್ತಿಬಿಡಿ. ಒಂದಕ್ಷರಕ್ಕೂ ಜಾಗ ಇರಬಾರ್ದು."

ಕೆಲಸ ಕೈತಪ್ಪೀತೆಂದು ಗೊಣಗುತ್ತಲೇ ಅವನು ಉಳಿ ಎತ್ತಿಕೊಂಡ. ಎರಡು ದಿನ ಬಳ್ಳಿ ಎಲೆಯ ಮೇಲೆ ಎಲೆ ಬಿಟ್ಟಿತು. ಬೆರಳಗಲ ಸಂದಿ ಕಂಡರೂ ಸೊಸೆ ಮುಟ್ಟಿ ತೋರಿಸುವಳು, ಅವನು ಅಲ್ಲೊಂದು ಮೊಗ್ಗು ತುರುಕುವನು. ಅಷ್ಟು ಒತ್ತಾದ ಬಳ್ಳಿಯನ್ನು ಯಾವ ತೋಟಗಾರನೂ ಕಂಡಿರಲಾರ.

ಮೂರನೆಯ ದಿನ ಬೆಳಿಗ್ಗೆ ಇಂಜಿನಿಯರ್ ಬಂದ. ಇಬ್ಬರೂ ಜೀವ ಕೈಯಲ್ಲಿ ಹಿಡಿದು ನಿಂತರು. ಅವನು ರೇಗಲಿಲ್ಲ; ರೇಗುವ ಜಾತಿಯ ಮನುಷ್ಯನೇ ಅಲ್ಲ. ಕುಕ್ಕರಗಾಲಲ್ಲಿ ಕೂತು ಎಲೆಗಳ ಮೇಲೆ ಕೈಯಾಡಿಸಿ, ಬಹಳ ಚೆನ್ನಾಗಿದೆ ಎಂದು ಹೊಗಳಿದ. ಕಾಗದದಲ್ಲಿ ಬರೆದದ್ದು ಮರೆತುಹೋಯಿತೇನೋ ಎಂದು ಮೆಲ್ಲಗೆ ಕೇಳಿದ. ಎದ್ದು ಕಲ್ಲಿನ ಹಿಂಬದಿಗೆ ಹೋದ. ಅದು ಗಣಿಯಿಂದ ಬಂದ ಹಾಗೇ ಒರಟಾಗಿತ್ತು.

"ಪರವಾಗಿಲ್ಲ ಯಜಮಾನ್ರೇ," ಎಂದ. "ಈ ಕಡೆ ಪೂರ್ತಿ ಪಾಲಿಶ್ ಮಾಡಿಬಿಡಿ. ಇಲ್ಲಿ ಇನ್ನೂ ಜಾಸ್ತಿ ಹೆಸರು ಹಿಡಿಯತ್ತೆ."

ಅವನು ಹೋದ ಮೇಲೆ ಮಾವ ಬಕೆಟ್ಟಿನಲ್ಲಿ ನೀರು ತಂದ, ಉಜ್ಜುವ ಕಲ್ಲು ತಂದ. ಅಷ್ಟರಲ್ಲಿ ಸೊಸೆ ಬಂದು ಆ ಒರಟು ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವನು ಬಕೆಟ್ಟು ಕೆಳಗಿಟ್ಟ, ಸರಿಯಮ್ಮ ಪಕ್ಕಕ್ಕೆ ಎನ್ನಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಅವಳು ಅಲ್ಲಾಡಲಿಲ್ಲ.